‘ನಾಟ್’ನ ಎಡಕ್ಕೋ ಬಲಕ್ಕೋ?

ಅಧ್ಯಕ್ಷರೇ, ಬೆಳಿಗ್ಗೆಯಿಂದ ಕೂತು ಬೆನ್ನು ನೋಯಿಸಿಕೊಂಡಿರುವ ಇಂಗ್ಲಿಷ್ ಮೇಷ್ಟ್ರುಗಳೇ, ಮೇಡಂಗಳೇ,

ನನಗೆ ಕೊಟ್ಟಿರೋ ವಿಷಯ ‘ನಕಾರ ವಾಕ್ಯಗಳಲ್ಲಿ ಕಾಲವಾಚಕ ಕ್ರಿಯಾವಿಶೇಷಣಗಳ ಸ್ಥಾನ’. ಅಂದರೆ, ‘ನಾಟ್’ ಇರೋ ಇಂಗ್ಲಿಷ್ ವಾಕ್ಯದಲ್ಲಿ ‘ಆಲ್ವೇಸ್’, ‘ಸ್ಟಿಲ್’, ‘ಯೆಟ್’ ತರಹದ ಪದ ಎಲ್ಲಿ ಕೂರಬೇಕು ಅನ್ನೋದು. ಈ ಹೆಸರು ಕೇಳಿದರೆ ಮಕ್ಕಳು ಕಿಟಕಿ ಕಡೆ ನೋಡ್ತಾರೆ. ನೀವೂ ಈಗ ನೋಡಿದಿರಿ. ಮಿಡ್ ಪೊಸಿಷನ್, ಎಂಡ್ ಪೊಸಿಷನ್ ಅಂತ ಬೋರ್ಡ್ ತುಂಬ ಪಟ್ಟಿ ಬರೆದು ಉರು ಹೊಡೆಸೋದನ್ನು ಬಿಡೋಣ ಅಂತ ಹೇಳೋಕೇ ನಾನು ಬಂದಿರೋದು. ಪದ ‘ನಾಟ್’ನ ಎಡಕ್ಕಿದೆಯೋ, ಬಲಕ್ಕಿದೆಯೋ? ಮಕ್ಕಳಿಗೆ ಇದೊಂದನ್ನು ಕೇಳಿ.

ನಮ್ಮ ಬೀದಿಯ ಹುಡುಗನೊಬ್ಬ ಕ್ಯಾಷಿಯರ್ ಕೆಲಸದ ಸಂದರ್ಶನಕ್ಕೆ ಹೋದ. ಈ ಕಥೆ ಮೊದಲೇ ಕೇಳಿದವರು ಟೀ ಕುಡಿದು ಬರಬಹುದು. ಇಸ್ತ್ರಿ ಮಾಡಿದ ಶರ್ಟು, ಹಣೆಯಲ್ಲಿ ರಾಯರ ಮಠದ ಅಕ್ಷತೆ, ಬಗಲಲ್ಲಿ ಅಂಕಪಟ್ಟಿ. ‘ನಿನ್ನ ಒಳ್ಳೇ ಗುಣ ಯಾವುದು?’ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಇವನ ಮನಸ್ಸಿಗೆ ಬಂದದ್ದು ‘ನಾನು ಯಾವಾಗಲೂ ಸುಳ್ಳು ಹೇಳಲ್ಲ’. ಬಾಯಿಗೆ ಬಂದದ್ದು ‘ಐ ಡೋಂಟ್ ಆಲ್ವೇಸ್ ಟೆಲ್ ಲೈಸ್’. ಅಂದರೆ, ಸುಳ್ಳು ಹೇಳ್ತೀನಿ, ಆದರೆ ಸದಾ ಅಲ್ಲ! ಸಾಹೇಬರು ಕನ್ನಡಕ ಮೇಲೇರಿಸಿ, ‘ಹಾಗಾದ್ರೆ ಯಾವ್ಯಾವ ದಿನ?’ ಅಂದರು. ಡ್ಯೂಟಿ ದಿನ ಕೇಳ್ತಿದ್ದಾರೆ ಅಂತ ಇವನು ಉತ್ಸಾಹದಿಂದ, ‘ಎಲ್ಲಾ ದಿನ ಸರ್, ಸಂಡೇ ಕೂಡ!’ ಅಂದ. ನಕ್ಕು ನಕ್ಕು ಕಣ್ಣೊರೆಸಿಕೊಂಡ ಸಾಹೇಬರು ಕೆಲಸ ಕೊಟ್ಟರು, ಅದು ಬೇರೆ ಮಾತು.

ಏನಾಯ್ತು ಇಲ್ಲಿ? ಕನ್ನಡದ ‘ಇಲ್ಲ’ ಕೊನೆಯಲ್ಲಿ ಬರುತ್ತೆ. ಹಿಂದಿನ ಯಾವ ಮಾತಿಗೆ ಅದು ತಗಲುತ್ತೆ ಅನ್ನೋದನ್ನು ನಾವು ದನಿಯಲ್ಲಿ ತೋರಿಸ್ತೀವಿ. ಇಂಗ್ಲಿಷು ಜಾಗದಲ್ಲಿ ತೋರಿಸುತ್ತೆ. ‘ನಾಟ್’ ಸಾಮಾನ್ಯವಾಗಿ ಅಲ್ಲಗಳೆಯೋದು ತನ್ನ ಬಲಕ್ಕಿರೋದನ್ನ. ‘ಡೋಂಟ್’ ಅಂದರೆ ‘ಡೂ ನಾಟ್’ ತಾನೇ? ‘ಆಲ್ವೇಸ್’ ಆ ‘ನಾಟ್’ನ ಬಲಕ್ಕೆ ಬಿತ್ತು, ಏಟು ಅದಕ್ಕೇ ಬಿತ್ತು. ಹುಡುಗನಿಗೆ ಬೇಕಿದ್ದದ್ದು ‘ನೆವರ್’.

ಇದು ನನ್ನ ಸ್ವಂತ ಸಂಶೋಧನೆ ಅಲ್ಲ. ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ 1917ರಲ್ಲೇ ನಕಾರದ ಬಗ್ಗೆ ಒಂದು ಇಡೀ ಪುಸ್ತಕ ಬರೆದಿದ್ದರು. ಅವರು ಡೆನ್ಮಾರ್ಕಿನವರು, ಇಂಗ್ಲಿಷ್ ಅವರಿಗೂ ಮನೆಮಾತಲ್ಲ. ಹಾಗಾಗಿ ನಾವೇನು ಹಿಂಜರಿಯಬೇಕಿಲ್ಲ.

ಈಗ ನಮ್ಮ ‘ಇನ್ನೂ’ಗೆ ಬನ್ನಿ. ನಮಗೆ ಒಂದೇ ಪದ, ಅವರಿಗೆ ‘ಸ್ಟಿಲ್’ ಬೇರೆ, ‘ಯೆಟ್’ ಬೇರೆ. ಮಕ್ಕಳು ‘ಹೀ ಡಿಡಂಟ್ ಕಮ್ ಸ್ಟಿಲ್’ ಅಂತ ಬರೀತಾರೆ. ಬರದೇ ಇರೋ ಸ್ಥಿತಿ ಮುಂದುವರಿದಿದೆ ಅನ್ನೋದು ‘ಸ್ಟಿಲ್’ನ ಕೆಲಸ, ಅದಕ್ಕೇ ಅದು ಎಡಕ್ಕೆ: ‘ಹೀ ಸ್ಟಿಲ್ ಹ್ಯಾಸಂಟ್ ಕಮ್’. ಅದರಲ್ಲಿ ಸ್ವಲ್ಪ ಬೇಸರವೂ ಇರುತ್ತೆ. ‘ಹೀ ಹ್ಯಾಸಂಟ್ ಕಮ್ ಯೆಟ್’ ಅಂದರೆ ಬೇಸರವಿಲ್ಲ, ಬರಬಹುದು ಅಂತ ಕಾಯ್ತಿದ್ದೀವಿ ಅಷ್ಟೆ. ‘ಯೆಟ್’ ಅನ್ನು ವಾಕ್ಯದ ತಲೆಗೆ ಇಟ್ಟರೆ ಅದು ‘ಆದರೂ’ ಆಗಿಬಿಡುತ್ತೆ.

ಪಟ್ಟಿಯಲ್ಲಿ ಸಿಗದ ಒಂದು ಜೋಡಿ ಹೇಳ್ತೀನಿ, ಬರೆದುಕೊಳ್ಳಿ. ‘ಹೀ ಈಸ್ ಸ್ಟಿಲ್ ನಾಟ್ ಆಂಗ್ರಿ’: ಹೆಡ್‌ಮಾಸ್ಟರಿಗೆ ಇನ್ನೂ ಕೋಪ ಬಂದಿಲ್ಲ. ‘ಹೀ ಈಸ್ ನಾಟ್ ಸ್ಟಿಲ್ ಆಂಗ್ರಿ’: ಬಂದಿದ್ದ ಕೋಪ ಇಳಿದಿದೆ. ರಜಾ ಅರ್ಜಿ ಹಿಡಿದು ಹೋಗೋ ಮೊದಲು ಇದರಲ್ಲಿ ಯಾವುದು ಅಂತ ಜವಾನನನ್ನ ವಿಚಾರಿಸಿ! ಪದಗಳು ಅವೇ, ಎಡ ಬಲ ಬದಲಾಯ್ತು ಅಷ್ಟೆ.

ಚೀಟಿ ಬಂತು, ಐದೇ ನಿಮಿಷವಂತೆ. ಬೇಗ ಹೇಳ್ತೀನಿ. ‘ಸಮ್‌ಟೈಮ್ಸ್’ ಎಡಕ್ಕೆ: ‘ಐ ಸಮ್‌ಟೈಮ್ಸ್ ಡೋಂಟ್ ಸ್ಲೀಪ್’. ‘ಎವರ್’, ‘ಎನಿಮೋರ್’ ಬಲಕ್ಕೆ. ‘ಯೂಶುವಲಿ’ ಎರಡೂ ಕಡೆ ಸರಿ, ಅರ್ಥವೇನೂ ಹೆಚ್ಚು ಬದಲಾಗಲ್ಲ, ದಯವಿಟ್ಟು ಅದಕ್ಕೆ ಅಂಕ ಕಳೀಬೇಡಿ. ‘ಯೆಸ್ಟರ್‌ಡೇ’ ಈ ಜಗಳಕ್ಕೇ ಬರಲ್ಲ, ವಾಕ್ಯದ ಮೊದಲಲ್ಲೋ ಕೊನೆಯಲ್ಲೋ ತೆಪ್ಪಗೆ ಕೂರುತ್ತೆ. ‘ಆಲ್ರೆಡಿ’ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ. ಆಸಕ್ತಿ ಇದ್ದವರು ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತುಕೊಳ್ಳಿ, ಹೇಳ್ತೀನಿ.