ಕಲ್ಲು ಸಿಗದ ಹುಡುಗಿ

ಎಲ್ಲರಿಗೂ ನಮಸ್ಕಾರ.

ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದವರು ಅಲ್ಲಿನ ವೀರಗಲ್ಲುಗಳನ್ನು ನೋಡಿಯೇ ಇರುತ್ತೀರಿ. ನಾನು ಆ ಸೀಮೆಯವಳು. ಚಿಕ್ಕವಳಿದ್ದಾಗ ಅಜ್ಜನ ಜೊತೆ ಹೋದರೆ ದೇವರ ದರ್ಶನ ಬೇಗ ಮುಗಿಯುತ್ತಿತ್ತು. ಕಲ್ಲುಗಳ ಮುಂದೆ ಮಾತ್ರ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. "ಕೆಳಗಿಂದ ಮ್ಯಾಲ ಓದಬೇಕವ್ವಾ" ಅನ್ನುತ್ತಿದ್ದ ಅಜ್ಜ. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ವೀರನನ್ನು ಕರೆದುಕೊಂಡು ಹೋಗುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ.

ಒಂದರ ಮೇಲೊಂದು ಚೌಕಟ್ಟು, ಒಳಗೊಂದು ಕಥೆ. ನಾನು ಮೊದಲು ಓದಿದ ಕಾಮಿಕ್ಸ್ ಅದೇ ಅಂತ ಈಗ ಅನ್ನಿಸುತ್ತದೆ.

ಇವತ್ತು ನಾನು ಮಾತಾಡುವುದು ಅಮೆರಿಕದ ಕಾಮಿಕ್ಸ್‌ನಲ್ಲಿ ಸತ್ತ ಇಬ್ಬರು ಹುಡುಗಿಯರ ಬಗ್ಗೆ, ಅವರನ್ನು ಇನ್ನೂ ಬಿಡದ ಓದುಗರ ಬಗ್ಗೆ. ಧಾರವಾಡದಲ್ಲಿ ಕೂತು ಇದನ್ನೆಲ್ಲ ಯಾಕೆ ಮಾತಾಡಬೇಕು ಅಂತ ಕೆಲವರು ಕೇಳಿದರು. ನಮ್ಮ ಊರೂರಲ್ಲೂ ಇಂಥ ಕಲ್ಲುಗಳು ನಿಂತಿವೆಯಲ್ಲ, ಅದಕ್ಕೇ ಮಾತಾಡಬೇಕು.

1992. ನನಗೆ ಹನ್ನೆರಡು ವರ್ಷ. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಒಂದು ರದ್ದಿ ಅಂಗಡಿ. ಸೋದರಮಾವ ಹಳೇ ಪೇಪರ್ ತೂಕಕ್ಕೆ ಹಾಕುತ್ತಿದ್ದ. ನಾನು ಸುಮ್ನೆ ರಾಶಿ ಕೆದಕುತ್ತಿದ್ದೆ. ಒಂದು ಹರಿದ ಮುಖಪುಟ ಕೈಗೆ ಬಂತು. ಒಳಗಿನ ಹಾಳೆ ಒಂದೂ ಇಲ್ಲ. ಚಿತ್ರದಲ್ಲಿ ಸೂಪರ್‌ಮ್ಯಾನ್ ಬಾಯಿ ಬಿಟ್ಟು ಅಳುತ್ತಿದ್ದಾನೆ. ಅವನ ತೋಳಿನಲ್ಲಿ ಅವನದೇ ಗುರುತಿನ ಅಂಗಿ ತೊಟ್ಟ ಹುಡುಗಿ. ಸತ್ತಿದ್ದಾಳೆ. ಹಿಂದೆ ದೊಡ್ಡ ಗುಂಪು ನಿಂತಿದೆ. ಸೂಪರ್‌ಮ್ಯಾನ್ ನನಗೆ ಗೊತ್ತಿದ್ದ. ಇವಳು ಗೊತ್ತಿರಲಿಲ್ಲ. ಅಂಗಡಿಯವರು ದುಡ್ಡು ತಗೊಳ್ಳಲಿಲ್ಲ.

ಅವಳ ಕಥೆ ತಿಳಿಯಲು ನನಗೆ ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಹೆಸರು ಕಾರಾ. ಸೂಪರ್‌ಮ್ಯಾನ್‌ನ ಚಿಕ್ಕಪ್ಪನ ಮಗಳು, ಸೂಪರ್‌ಗರ್ಲ್. ಮೊದಲು ಬಂದದ್ದು 1959ರ ಮೇ ಸಂಚಿಕೆಯಲ್ಲಿ. ಸೂಪರ್‌ಮ್ಯಾನ್ ಹುಟ್ಟಿದ ಗ್ರಹ ಕ್ರಿಪ್ಟಾನ್ ಸಿಡಿದಾಗ ಅವಳ ಊರು ಆರ್ಗೋ ಒಂದು ತುಂಡು ನೆಲದ ಸಮೇತ ಉಳಿದುಕೊಂಡಿತ್ತು. ಕಾಲ ಕೆಳಗಿನ ಮಣ್ಣು ವಿಷವಾಯಿತು. ಜನ ಅದರ ಮೇಲೆ ಸೀಸದ ತಗಡು ಹಾಸಿದರು. ಉಲ್ಕೆ ಬಿದ್ದು ತಗಡು ತೂತಾಯಿತು. ಅಪ್ಪ ಅಮ್ಮ ಮಗಳೊಬ್ಬಳನ್ನೇ ಭೂಮಿಗೆ ಕಳಿಸಿದರು. ಇಲ್ಲಿ ಬಂದರೆ ಅಣ್ಣ ಏನು ಮಾಡಿದ? ತಲೆಗೆ ವಿಗ್ ಹಾಕಿಸಿ ಅನಾಥಾಶ್ರಮಕ್ಕೆ ಸೇರಿಸಿದ. ಯಾರಿಗೂ ಕಾಣಿಸಿಕೊಳ್ಳಬೇಡ ಅಂದ. ಅವಳು ಇದ್ದಾಳೆ ಅನ್ನುವುದು ಕಥೆಯ ಜಗತ್ತಿಗೆ ತಿಳಿದದ್ದು 1962ರಲ್ಲಿ. ಅಷ್ಟೂ ದಿನ ಅವಳು ಮರೆಯಲ್ಲೇ ನಿಂತು ಕೆಲಸ ಮಾಡಿದಳು. ನಮ್ಮ ಮನೆಗಳಲ್ಲೂ ಇಂಥ ಹೆಣ್ಣುಮಕ್ಕಳು ಇದ್ದಾರೆ, ಅಲ್ವಾ?

1985ರಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕಥೆಗಳನ್ನು ಪ್ರಕಟಿಸುವ ಡಿಸಿ ಕಾಮಿಕ್ಸ್ ಕಂಪನಿ ತನ್ನ ಕಥಾಲೋಕವನ್ನೆಲ್ಲ ಹೊಸದಾಗಿ ಜೋಡಿಸಲು ಹೊರಟಿತು. ಹನ್ನೆರಡು ಸಂಚಿಕೆಗಳ ದೊಡ್ಡ ಕಥೆ. ಬರೆದವರು ಮಾರ್ವ್ ವುಲ್ಫ್‌ಮನ್, ಚಿತ್ರ ಜಾರ್ಜ್ ಪೆರೆಜ್ ಅವರದು. ಕ್ರಿಪ್ಟಾನ್‌ನಿಂದ ಬದುಕಿ ಉಳಿದವನು ಸೂಪರ್‌ಮ್ಯಾನ್ ಒಬ್ಬನೇ ಆಗಿರಬೇಕು ಅಂತ ಕಂಪನಿ ತೀರ್ಮಾನಿಸಿತ್ತು. ಹಾಗಾಗಿ ಏಳನೇ ಸಂಚಿಕೆಯಲ್ಲಿ ಕಾರಾ ಸತ್ತಳು. ಅಣ್ಣ ನೆಲಕ್ಕೆ ಬಿದ್ದಿದ್ದ. ಅವನನ್ನು ಕೊಲ್ಲಲು ನಿಂತ ವೈರಿಯ ಮೇಲೆ ಇವಳು ಒಬ್ಬಳೇ ನುಗ್ಗಿದಳು. ಹೊಡೆದು ಹೊಡೆದು ಅವನ ಕವಚ ಒಡೆದಳು. ಅಣ್ಣನನ್ನು ದೂರ ಕರೆದುಕೊಂಡು ಹೋಗು ಅಂತ ಜೊತೆಗಾರ್ತಿಗೆ ಹೇಳಲು ಒಂದು ಕ್ಷಣ ತಿರುಗಿದಳು. ಏಟು ಬಿದ್ದದ್ದು ಆಗಲೇ.

ಇಲ್ಲಿಯವರೆಗೆ ಇದು ನಮ್ಮ ವೀರಗಲ್ಲಿನ ಕಥೆಯೇ. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನು, ಊರ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನು, ಇವರ ಸಾಲಿಗೆ ಕಾರಾ ಸೇರುತ್ತಾಳೆ. ಆದರೆ ಮುಂದೆ ಆದದ್ದು ಬೇರೆ. ಆ ದೊಡ್ಡ ಕಥೆಯ ಕೊನೆಗೆ ಲೋಕದ ಚರಿತ್ರೆಯೇ ಬದಲಾಯಿತು. ಹೊಸ ಚರಿತ್ರೆಯಲ್ಲಿ ಕಾರಾ ಹುಟ್ಟಿರಲೇ ಇಲ್ಲ. ಅವಳು ಯಾರಿಗಾಗಿ ಸತ್ತಳೋ ಆ ಅಣ್ಣನಿಗೂ ಅವಳ ನೆನಪಿಲ್ಲ.

ನೆನಪಿದ್ದದ್ದು ಓದುಗರಿಗೆ ಮಾತ್ರ.

ನಾನು ಇದನ್ನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ವೀರಗಲ್ಲು ನಿಲ್ಲಿಸುವುದು ಸತ್ತವನಿಗೆ ಅಂತ ನಾವು ತಿಳಿದಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಅದು ಉಳಿದವರು ಕೊಡುವ ಸಾಕ್ಷಿ. ಇವನು ಇಲ್ಲಿದ್ದ, ನಾವು ನೋಡಿದ್ದೇವೆ ಅಂತ ಊರು ಹೇಳುವ ಮಾತು. ನಮ್ಮ ಊರ ಹೊರಗೆ ಒಂದು ಸವೆದ ಕಲ್ಲಿದೆ. ಅಕ್ಷರ ಒಂದೂ ಉಳಿದಿಲ್ಲ. ಅದಕ್ಕೆ ಎಣ್ಣೆ ಹಚ್ಚುತ್ತಿದ್ದ ಒಬ್ಬ ಅಜ್ಜಿಯನ್ನು ಯಾರ ಕಲ್ಲು ಅಂತ ಕೇಳಿದೆ. "ಹೆಸರು ಗೊತ್ತಿಲ್ಲವ್ವಾ. ನಮ್ಮೂರ ಸಲುವಾಗಿ ಸತ್ತಾನ" ಅಂದರು. ಕಾರಾಳ ಓದುಗರಿಗೆ ಕಲ್ಲೂ ಇರಲಿಲ್ಲ, ಊರೂ ಇರಲಿಲ್ಲ. ಅವಳ ಊರೇ ಅವಳನ್ನು ಮರೆತಿತ್ತು. ಹಾಗಿದ್ದೂ ಎಣ್ಣೆ ಹಚ್ಚುವ ಕೆಲಸವನ್ನು ಅವರು ಬಿಡಲಿಲ್ಲ.

ಕಲ್ಲು ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ಇನ್ನೊಬ್ಬಳ ಓದುಗರು. ಅವಳ ಹೆಸರು ಸ್ಟೆಫನಿ ಬ್ರೌನ್.

1992ರಲ್ಲಿ ಬ್ಯಾಟ್‌ಮ್ಯಾನ್ ಕಥೆಗಳಲ್ಲಿ ಬಂದವಳು. ಅಪ್ಪ ಕಳ್ಳ. ಅಪ್ಪನ ಕೆಲಸ ಕೆಡಿಸಲಿಕ್ಕೆ ಅಂತಲೇ ಮುಸುಕು ಹಾಕಿದ ಹುಡುಗಿ. ಅದಕ್ಕೇ ಸ್ಪಾಯ್ಲರ್, ಅಂದರೆ ಕೆಡಿಸುವವಳು, ಅಂತ ಹೆಸರಿಟ್ಟುಕೊಂಡಳು. ಅವಳ ಉಡುಪನ್ನು ಯಾರಾದರೂ ನೇರಳೆ ಅಂದರೆ ಒಪ್ಪುತ್ತಿರಲಿಲ್ಲ, ಅದು ಬದನೆಕಾಯಿ ಬಣ್ಣ ಅನ್ನುತ್ತಿದ್ದಳು. ಅದನ್ನು ಓದಿದ ದಿನವೇ ಅವಳು ನನಗೆ ನಮ್ಮವಳಾದಳು! ಬ್ಯಾಟ್‌ಮ್ಯಾನ್‌ನ ಜೊತೆಗೆ ಕಾದಾಡುವವರಿಗೆ ರಾಬಿನ್ ಅಂತ ಹೆಸರು. 2004ರಲ್ಲಿ ಸ್ವಲ್ಪ ದಿನ ಅವನು ಸ್ಟೆಫನಿಯನ್ನು ರಾಬಿನ್ ಮಾಡಿಕೊಂಡ. ಮಾತು ಕೇಳಲಿಲ್ಲ ಅಂತ ತೆಗೆದುಹಾಕಿದ. ತಾನು ಯೋಗ್ಯಳು ಅಂತ ತೋರಿಸಲು ಹೋಗಿ ಅವಳು ತಪ್ಪು ಮಾಡಿದಳು, ಊರ ತುಂಬ ಗ್ಯಾಂಗ್‌ಗಳ ಹೊಡೆದಾಟ ಶುರುವಾಯಿತು. ವೈರಿಯ ಕೈಗೆ ಸಿಕ್ಕು ಚಿತ್ರಹಿಂಸೆ ಉಂಡಳು, ಆಮೇಲೆ ಸತ್ತಳು.

ಅವಳಿಗಿಂತ ಮುಂಚೆ ಜೇಸನ್ ಟಾಡ್ ಅನ್ನುವ ರಾಬಿನ್ ಕೂಡ ಸತ್ತಿದ್ದ. 1988ರಲ್ಲಿ ಓದುಗರಿಂದ ಫೋನಿನಲ್ಲಿ ಮತ ಪಡೆದು ಅವನ ಸಾವನ್ನು ತೀರ್ಮಾನಿಸಿದ್ದರು. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ಆದರೂ ಅವನ ಉಡುಪನ್ನು ಬ್ಯಾಟ್‌ಮ್ಯಾನ್ ತನ್ನ ಗುಹೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟ. ವರ್ಷಗಟ್ಟಲೆ ಆ ಪೆಟ್ಟಿಗೆ ಕಥೆಗಳಲ್ಲಿ ಕಾಣಿಸುತ್ತಲೇ ಇತ್ತು.

ಸ್ಟೆಫನಿಗೆ ಪೆಟ್ಟಿಗೆ ಇಡಲಿಲ್ಲ.

ಓದುಗರು ಹಿಡಿದುಕೊಂಡದ್ದು ಇದನ್ನೇ. 2006ರಲ್ಲಿ ಗುಂಪು ಕಟ್ಟಿದರು, ಅದರಲ್ಲಿ ಹೆಣ್ಣುಮಕ್ಕಳೇ ಮುಂದೆ ನಿಂತರು. ಪ್ರಾಜೆಕ್ಟ್ ಗರ್ಲ್ ವಂಡರ್ ಅಂತ ಹೆಸರಿಟ್ಟರು. ಕೇಳಿದ್ದು ದೊಡ್ಡದೇನಲ್ಲ. ಇವಳೂ ರಾಬಿನ್ ಆಗಿದ್ದಳು, ಇವಳಿಗೂ ಒಂದು ಪೆಟ್ಟಿಗೆ ಇಡಿ. ಅಷ್ಟೇ. ಕಾಗದದ ಮೇಲಿನ ಹುಡುಗಿಗೆ ಕಾಗದದ ಮೇಲಿನ ಪೆಟ್ಟಿಗೆ ಕೇಳುವುದು ಹುಚ್ಚು ಅಂದವರಿದ್ದರು. ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದಲ್ಲಿ ಕಾಳಿ ಅನ್ನುವ ನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು. ಆ ನಾಯಿಗೆ ಕಲ್ಲು ನಿಲ್ಲಿಸಿದರು, ಕಲ್ಲಿನ ಪೂಜೆಗೆ ಅಂತ ಭೂಮಿ ಬಿಟ್ಟರು. ಅಂಥ ನಾಡಿನವರಾದ ನಾವು ಆ ಓದುಗರನ್ನು ಹುಚ್ಚರು ಅನ್ನಲು ಬರುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಬೇಕು, ಹೇಳುವಾಗ ಸಂಕಟವಾಗುತ್ತದೆ. ನಮ್ಮಲ್ಲಿ ಹೆಣ್ಣಿಗೆ ಕಲ್ಲು ಇಲ್ಲ ಅಂತಲ್ಲ. ಮಾಸ್ತಿಗಲ್ಲು ಇದೆ. ಬಳೆ ತೊಟ್ಟ ಒಂದು ತೋಳು, ಮೇಲೆತ್ತಿದ ಕೈ. ಬಹಳ ಕಲ್ಲುಗಳಲ್ಲಿ ಅವಳ ಮುಖವೂ ಇಲ್ಲ. ಗಂಡ ಸತ್ತ, ಅದಕ್ಕೆ ಇವಳು ಸತ್ತಳು. ಅವಳ ಸಾವು ಅವನ ಕಥೆಯ ಒಂದು ಭಾಗ. ಅಮೆರಿಕದಲ್ಲಿ ಗೇಲ್ ಸಿಮೋನ್ ಅನ್ನುವ ಓದುಗರು 1999ರಲ್ಲಿ ಒಂದು ಪಟ್ಟಿ ಮಾಡಿದರು. ಕಾಮಿಕ್ಸ್‌ನಲ್ಲಿ ಸತ್ತ, ಹಿಂಸೆ ಉಂಡ, ಶಕ್ತಿ ಕಳಕೊಂಡ ಹೆಣ್ಣುಗಳ ಪಟ್ಟಿ. ಅವರಲ್ಲಿ ಎಷ್ಟೋ ಜನ ಸತ್ತದ್ದು ನಾಯಕನಿಗೆ ಸಿಟ್ಟು ಬರಲಿ ಅಂತ. ಆ ಪಟ್ಟಿ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಮಾಸ್ತಿಗಲ್ಲಿನ ಆ ತೋಳು. ಗೇಲ್ ಮುಂದೆ ಸ್ವತಃ ಕಾಮಿಕ್ಸ್ ಬರೆಯುವವರಾದರು. ಸ್ಟೆಫನಿಯ ಓದುಗರು ಕೇಳಿದ್ದು ಮಾಸ್ತಿಗಲ್ಲನ್ನಲ್ಲ, ವೀರಗಲ್ಲನ್ನು. ಅವಳು ಯಾರಿಗೋಸ್ಕರವೋ ಸತ್ತ ಹುಡುಗಿಯಲ್ಲ, ತಾನಾಗಿ ಮುಸುಕು ಹಾಕಿದ ಹುಡುಗಿ. ಆ ವ್ಯತ್ಯಾಸ ಅವರಿಗೆ ಬೇಕಾಗಿತ್ತು.

2008ರಲ್ಲಿ ಸ್ಟೆಫನಿ ಕಥೆಗೆ ವಾಪಸ್ ಬಂದಳು. ಸತ್ತೇ ಇರಲಿಲ್ಲ, ಡಾಕ್ಟರಮ್ಮ ಬಚ್ಚಿಟ್ಟಿದ್ದರು ಅಂತ ಬರೆದರು. ಮರುವರ್ಷ ಅವಳು ಬ್ಯಾಟ್‌ಗರ್ಲ್ ಆದಳು. ಕಾರಾ ಅನ್ನುವ ಹೆಸರಿನ ಹೊಸ ಸೂಪರ್‌ಗರ್ಲ್ ಕೂಡ 2004ರಲ್ಲಿ ಬಂದಳು. ಅವಳೂ ಒಳ್ಳೆಯ ಹುಡುಗಿಯೇ. ಆದರೆ ಅನಾಥಾಶ್ರಮದಲ್ಲಿ ವಿಗ್ ಹಾಕಿಕೊಂಡು ಕಾದ ಕಾರಾ ಅವಳಲ್ಲ.

ಆ ಹಳೆಯ ಕಾರಾಳನ್ನು ಒಂದು ಸಣ್ಣ ಕಥೆಯಲ್ಲಿ ಮತ್ತೆ ನೋಡಬಹುದು. 1989ರ ಕ್ರಿಸ್‌ಮಸ್ ಸಂಚಿಕೆ. ಬರೆದವರು ಅಲನ್ ಬ್ರೆನರ್ಟ್. ಡೆಡ್‌ಮ್ಯಾನ್ ಅನ್ನುವ ಒಂದು ಆತ್ಮ ಹಬ್ಬದ ದಿನ ಬೇಜಾರಿನಲ್ಲಿರುತ್ತಾನೆ. ಜನಕ್ಕೆ ಇಷ್ಟು ಮಾಡುತ್ತೇನೆ, ನನ್ನನ್ನು ಒಬ್ಬರೂ ನೋಡುವುದಿಲ್ಲ ಅಂತ. ಆಗ ಒಬ್ಬ ಹುಡುಗಿ ಬಂದು ಮಾತಾಡುತ್ತಾಳೆ. ಅವನು ಅವಳ ಕಣ್ಣಿಗೆ ಕಾಣುತ್ತಾನೆ. ಯಾರೂ ನೆನೆಯದಿದ್ದರೂ ಕೆಲಸ ಮಾಡಬೇಕು ಅನ್ನುತ್ತಾಳೆ. ನೀನ್ಯಾರು ಅಂತ ಅವನು ಕೇಳುತ್ತಾನೆ. ಕಾರಾ ಅನ್ನುತ್ತಾಳೆ, ಆ ಹೆಸರು ನಿನಗೆ ಗೊತ್ತಿರಲಿಕ್ಕಿಲ್ಲ ಅಂತಲೂ ಅನ್ನುತ್ತಾಳೆ. ಸೂಪರ್‌ಗರ್ಲ್ ಅನ್ನುವ ಮಾತು ಆ ಕಥೆಯಲ್ಲಿ ಎಲ್ಲೂ ಬರುವುದಿಲ್ಲ. ಅದನ್ನು ಓದಿ ನಾನು ಅತ್ತಿದ್ದೇನೆ. ಅಡುಗೆಮನೆಯಿಂದ ಅತ್ತೆ ಓಡಿ ಬಂದು ಊರಲ್ಲಿ ಯಾರಾದರೂ ಹೋದರಾ ಅಂತ ಕೇಳಿದರು. ಹೌದು ಅಂದೆ.

ದುರ್ಗದಬೈಲಿನ ಆ ಮುಖಪುಟವನ್ನು ಇವತ್ತು ತಂದಿದ್ದೇನೆ. ಹಿಂಬದಿಯಲ್ಲಿ ಪೆನ್ಸಿಲ್‌ನಿಂದ "ಇಕಿ ಯಾರು?" ಅಂತ ಇದೆ. ಅದು ಹನ್ನೆರಡು ವರ್ಷದ ನನ್ನ ಅಕ್ಷರ. ಅದರ ಕೆಳಗೆ ಪೆನ್ನಿನಲ್ಲಿ "ಕಾರಾ" ಅಂತ ಬರೆದದ್ದು ಎಷ್ಟೋ ವರ್ಷ ಆದಮೇಲೆ. ಮೇಜಿನ ಮೇಲೆ ಇಡುತ್ತೇನೆ. ನೋಡುವವರು ಬನ್ನಿ. ಅಂಚು ಹರಿದಿದೆ, ಮೆಲ್ಲಗೆ ಹಿಡಿಯಿರಿ.