ದೀಪಿಕಾ ಪಡುಕೋಣೆ: ಮಾಡೆಲಿಂಗ್ ಎಲ್ಲಿಯವರೆಗೆ ಕರೆದುಕೊಂಡು ಹೋಯಿತು?

[ಕಪ್ಪು ಪರದೆ. ಮೇಲೆ ಬರಹ: 9 ನವೆಂಬರ್ 2007]

ನಮಸ್ಕಾರ. 'ಓಂ ಶಾಂತಿ ಓಂ' ತೆರೆಗೆ ಬಂದ ದಿನ ಇದು. ನಮ್ಮ ಬೆಂಗಳೂರಿನಲ್ಲಿ ಬೆಳೆದ ದೀಪಿಕಾಗೆ ಆಗ 21 ವರ್ಷ. ಮೊದಲ ಹಿಂದಿ ಸಿನಿಮಾ, ಎದುರಿಗೆ ಶಾರುಖ್ ಖಾನ್. ದೇಶಕ್ಕೆ ದೇಶವೇ ಆ ಮುಖ ನೋಡಿ ಮರುಳಾಯಿತು. ಆದರೆ ಥಿಯೇಟರಿನಲ್ಲಿ ಕೇಳಿದ ದನಿ ಅವರದ್ದಲ್ಲ, ಡಬ್ಬಿಂಗ್ ಕಲಾವಿದೆ ಮೋನಾ ಘೋಷ್ ಶೆಟ್ಟಿ ಅವರದ್ದು.

ಮಾಡೆಲಿಂಗ್ ಏನು ಕಲಿಸುತ್ತದೆ, ಏನನ್ನು ಕಲಿಸದೆ ಬಿಡುತ್ತದೆ? ಇವತ್ತು ದೀಪಿಕಾ ಅವರ ದಾರಿಯನ್ನೇ ಹಿಡಿದು ನೋಡೋಣ.

[ಬ್ಯಾಡ್ಮಿಂಟನ್ ಅಂಗಳ, ಹಳೆಯ ಪತ್ರಿಕೆಯ ಚಿತ್ರ]

ತಂದೆ ಪ್ರಕಾಶ್ ಪಡುಕೋಣೆ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದ ಮೊದಲ ಭಾರತೀಯ. ಮಗಳು ಹುಟ್ಟಿದ್ದು ಕೋಪನ್‌ಹೇಗನ್‌ನಲ್ಲಿ, 1986ರಲ್ಲಿ. ಬೆಂಗಳೂರಿಗೆ ಬಂದಾಗ ಇನ್ನೂ ಕೂಸು. ಶಾಲೆಯ ದಿನಗಳಲ್ಲಿ ರಾಷ್ಟ್ರಮಟ್ಟದ ಟೂರ್ನಿಗಳಲ್ಲೂ ಆಡಿದರು. ಹತ್ತನೇ ಕ್ಲಾಸಿನ ಹೊತ್ತಿಗೆ ಮನಸ್ಸು ಬೇರೆ ಕಡೆ ತಿರುಗಿತ್ತು.

ಅಪ್ಪನ ಹೆಸರು ಬಾಗಿಲು ತೆಗೆಸಿತಾ ಅಂತ ಕೇಳುವವರು ಇದ್ದಾರೆ. ಅಷ್ಟು ದೊಡ್ಡ ಮನೆತನದ ಹೆಸರು ಎಲ್ಲಿ ಹೋದರೂ ಗುರುತು ಹಿಡಿಸುತ್ತದೆ, ಸುಳ್ಳಲ್ಲ. ಆದರೆ ಮುಂಬೈನ ಸಿನಿಮಾ ಮನೆತನಗಳ ಮಕ್ಕಳಿಗೆ ಇರುವ ಅನುಕೂಲ ಅದಲ್ಲ.

[ಜಾಹೀರಾತಿನ ಫ್ರೇಮ್‌ಗಳು, ನಂತರ ರ‍್ಯಾಂಪ್]

ಬೆಂಗಳೂರಿನ ಫ್ಯಾಷನ್ ಗುರು ಪ್ರಸಾದ್ ಬಿದಪ ಕೈಯಲ್ಲಿ ಪಳಗಿದರು. ಲಿರಿಲ್ ಸೋಪಿನ ಜಾಹೀರಾತು ಜನ ಗುರುತಿಸುವಂತೆ ಮಾಡಿತು. 2005ರಲ್ಲಿ ಲ್ಯಾಕ್ಮೆ ಫ್ಯಾಷನ್ ವೀಕ್, 2006ರಲ್ಲಿ ಕಿಂಗ್‌ಫಿಷರ್ ಕ್ಯಾಲೆಂಡರ್. ಅದೇ ವರ್ಷ ಹಿಮೇಶ್ ರೇಶಮಿಯಾ ಅವರ 'ನಾಮ್ ಹೈ ತೇರಾ' ಹಾಡಿನ ವಿಡಿಯೋ. ಟಿವಿ ಹಾಕಿದರೆ ಸಾಕು, ಅದೇ ಹಾಡು!

ಅದೇ 2006ರಲ್ಲಿ ಅವರ ಮೊದಲ ಸಿನಿಮಾನೂ ಬಂತು. ಮುಂಬೈಯಲ್ಲಲ್ಲ, ಇಲ್ಲೇ. ಇಂದ್ರಜಿತ್ ಲಂಕೇಶ್ ನಿರ್ದೇಶನದ 'ಐಶ್ವರ್ಯ', ನಾಯಕ ಉಪೇಂದ್ರ. ತೆಲುಗಿನ 'ಮನ್ಮಥುಡು' ರೀಮೇಕ್. ಹಿಂದಿಯವರು ಈ ಸಿನಿಮಾವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಕನ್ನಡದವರಾಗಿ ನಾವು ಸ್ವಲ್ಪ ಜಂಬ ಪಡಬಹುದು, ಅಲ್ವಾ?

ಈಗ 'ಓಂ ಶಾಂತಿ ಓಂ' ಗೆ ಬರೋಣ. ನಿರ್ದೇಶಕಿ ಫರಾ ಖಾನ್ ಅವರ ಜಾಣತನ ಇರುವುದು ದೀಪಿಕಾಗೆ ಕೊಟ್ಟ ಎರಡು ಪಾತ್ರಗಳಲ್ಲಿ. ಮೊದಲರ್ಧದ ಶಾಂತಿಪ್ರಿಯಾ 1970ರ ದಶಕದ ದೊಡ್ಡ ತಾರೆ. ಜೂನಿಯರ್ ಆರ್ಟಿಸ್ಟ್ ಒಬ್ಬ ಅವಳ ಪೋಸ್ಟರ್ ಜೊತೆ ಮಾತಾಡುತ್ತಾನೆ. ಕೆಂಪು ಹಾಸಿನ ಮೇಲೆ ನಡೆದು ಬರಬೇಕು, ತಿರುಗಿ ನೋಡಬೇಕು, ಕೈ ಬೀಸಬೇಕು. ರ‍್ಯಾಂಪ್‌ನಲ್ಲಿ ಪಳಗಿದವರಿಗೆ ಇದು ಗೊತ್ತಿರುವ ಕೆಲಸವೇ. ಬೆಳಕು ಎಲ್ಲಿದೆ, ಮುಖ ಎಷ್ಟು ತಿರುಗಿಸಬೇಕು ಎಂದು ಮೈಗೇ ಗೊತ್ತಿರುತ್ತದೆ.

ಎರಡನೇ ಅರ್ಧದ ಸ್ಯಾಂಡಿ ಇನ್ನೂ ಮಜಾ. ನಟನೆಯೇ ಬಾರದ ಹೊಸ ಹುಡುಗಿ. ಹೊಸಬರಿಗೆ ಹೊಸಬಳ ಪಾತ್ರ! ತಡವರಿಸಿದರೂ ಪಾತ್ರವೇ ತಡವರಿಸಿದ ಹಾಗೆ ಕಾಣುತ್ತದೆ. ಆ ವರ್ಷದ ಹೊಸ ನಟಿಗೆ ಕೊಡುವ ಫಿಲ್ಮ್‌ಫೇರ್ ಇವರಿಗೇ ಬಂತು.

[ವೇಗವಾಗಿ ಸಾಗುವ ಪೋಸ್ಟರ್‌ಗಳು: 2008, 2009, 2010]

ಮುಂದಿನ ವರ್ಷಗಳು ಏಳುಬೀಳಿನವು. 'ಲವ್ ಆಜ್ ಕಲ್' ಓಡಿತು, 'ಚಾಂದ್ನಿ ಚೌಕ್ ಟು ಚೈನಾ' ಮಕಾಡೆ ಮಲಗಿತು. ಮಾಡೆಲ್ ಆಗಿ ಬಂದವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಜಾಹೀರಾತು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಅದರಲ್ಲಿ ಸುಮ್ನೆ ಚೆಂದ ಕಂಡರೂ ನಡೆಯುತ್ತದೆ. ಸಿನಿಮಾದಲ್ಲಿ ಎರಡೂವರೆ ಗಂಟೆ ಒಬ್ಬಳೇ ಮನುಷ್ಯಳಾಗಿ ಉಳಿಯಬೇಕು. ಎದುರಿನವರ ಮಾತು ಕೇಳಿಸಿಕೊಳ್ಳಬೇಕು, ಬೇಕಾದಾಗ ಕೆಟ್ಟದಾಗಿ ಕಾಣಲೂ ಒಪ್ಪಬೇಕು.

ತಿರುವು ಸಿಕ್ಕಿದ್ದು 2012ರ 'ಕಾಕ್‌ಟೇಲ್'ನಲ್ಲಿ. ಎರಡು ನಾಯಕಿ ಪಾತ್ರಗಳಲ್ಲಿ ಯಾವುದು ಬೇಕೋ ಆರಿಸಿಕೊಳ್ಳಿ ಅಂದಿದ್ದರು ನಿರ್ಮಾಪಕರು. ಒಬ್ಬಳು ಸಾಧು ಮೀರಾ, ಇನ್ನೊಬ್ಬಳು ಮನಸ್ಸು ಬಂದಂತೆ ಬದುಕುವ ವೆರೋನಿಕಾ. ದೀಪಿಕಾ ಹಿಡಿದಿದ್ದು ವೆರೋನಿಕಾಳನ್ನು. ಗ್ಲಾಮರ್ ಹುಡುಗಿಯಾಗಿಯೇ ಶುರುವಾಗುವ ಅವಳು ಕುಡಿಯುತ್ತಾಳೆ, ಕಿರುಚುತ್ತಾಳೆ, ಬೇಡಿಕೊಳ್ಳುತ್ತಾಳೆ. ಹಳೆಯ ಇಮೇಜನ್ನೇ ತೋರಿಸಿ, ಅದನ್ನೇ ಒಡೆದ ಪಾತ್ರ. ನನ್ನ ಪ್ರಕಾರ ಇದು ಅವರ ಅತ್ಯಂತ ಜಾಣ ಆಯ್ಕೆ.

2013ರಲ್ಲಿ ನಾಲ್ಕು ಸಿನಿಮಾ ಬಂದವು, ನಾಲ್ಕೂ ಗೆದ್ದವು. 'ಚೆನ್ನೈ ಎಕ್ಸ್‌ಪ್ರೆಸ್'ನಲ್ಲಿ ಇಡೀ ನಗು ನಿಂತಿದ್ದೇ ಮೀನಮ್ಮಳ ತಮಿಳು ರಾಗದ ಹಿಂದಿಯ ಮೇಲೆ. ಆರು ವರ್ಷದ ಹಿಂದೆ ಬೇರೆಯವರ ದನಿ ಹಾಕಿಸಿಕೊಂಡವರು ಇಲ್ಲಿ ಮಾತಿನಿಂದಲೇ ಜನರನ್ನು ನಗಿಸಿದರು. ಅದೇ ವರ್ಷದ 'ರಾಮ್-ಲೀಲಾ'ಗೆ ಅತ್ಯುತ್ತಮ ನಟಿ ಫಿಲ್ಮ್‌ಫೇರ್.

[ಹಳದಿ ಟ್ಯಾಕ್ಸಿ, ಕೋಲ್ಕತ್ತದ ಬೀದಿ]

2015ರ 'ಪೀಕು' ನೋಡಿ. ಕುರ್ತಾ, ಕಾಡಿಗೆ, ಸಿಡುಕು ಮುಖ. ಅಪ್ಪನ ಮಲಬದ್ಧತೆಯ ಪುರಾಣ ಕೇಳಿ ಕೇಳಿ ಸಾಕಾದ ಮಗಳು. ಪಕ್ಕದಲ್ಲಿ ಅಮಿತಾಭ್ ಬಚ್ಚನ್, ಇರ್ಫಾನ್ ಖಾನ್. ಇಬ್ಬರ ನಡುವೆ ದೀಪಿಕಾ ಪೋಸ್ ಕೊಡುವ ಒಂದು ಫ್ರೇಮ್ ಹುಡುಕಿದರೂ ಸಿಗುವುದು ಕಷ್ಟ. ಎರಡನೇ ಸಲ ಅತ್ಯುತ್ತಮ ನಟಿ ಪ್ರಶಸ್ತಿ ತಂದುಕೊಟ್ಟಿದ್ದು ಇದೇ ಸಿನಿಮಾ.

'ಐಶ್ವರ್ಯ'ವನ್ನು ಥಿಯೇಟರಿನಲ್ಲೇ ನೋಡಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಆ ಹುಡುಗಿ ಇಷ್ಟು ದೂರ ಹೋಗುತ್ತಾಳೆ ಅಂತ ಆಗ ಅನ್ನಿಸಿತ್ತಾ? ಕೆಳಗೆ ಬರೆಯಿರಿ, ಓದುತ್ತೇನೆ.