ಹಿಂದಿನ ಚಕ್ರದ ಹಲ್ಲು

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲದ ಮಾತು. ಅಡಿಕೆ ಮೂಟೆ ಹೇರಿಕೊಂಡು ಪೆರ್ಲದ ಕಡೆ ಏರು ಹತ್ತುತ್ತಿದ್ದೆ. ಬೈಕಿನ ಹಿಂದೆ ಟಕ್, ಟಕ್ ಅಂತ ಸದ್ದು. ಚೈನು ಹಲ್ಲು ಹಾರುತ್ತಿತ್ತು. ಇಳಿದು ನೋಡಿದರೆ ಹಿಂದಿನ ಸ್ಪ್ರಾಕೆಟ್ಟಿನ, ಅಂದರೆ ಚೈನು ಕೂರುವ ಹಲ್ಲುಚಕ್ರದ, ಹಲ್ಲುಗಳೆಲ್ಲ ದೋಟಿಗೆ ಕಟ್ಟುವ ಕತ್ತಿಯ ಹಾಗೆ ಒಂದೇ ಕಡೆ ಬಾಗಿದ್ದವು. ಹಲ್ಲಿಗೆ ತುಳುವಿನಲ್ಲಿ ಕೂಲಿ ಅಂತಾರೆ. ಆ ಕೂಲಿ ಸವೆದರೆ ಈ ಕೂಲಿ ಜಾಸ್ತಿ ಕೊಡಬೇಕು, ಅಲ್ವಾ? ಅದಕ್ಕೇ ನಾನೇ ಕೈಹಾಕಿದೆ. ಹಿಂದಿನದನ್ನು ಮಾತ್ರ ಬದಲಿಸಿ ದುಡ್ಡು ಉಳಿಸಿದೆ ಅಂದುಕೊಂಡೆ. ಮಳೆ ಮುಗಿಯುವುದರೊಳಗೆ ಹೊಸ ಹಲ್ಲೂ ಬಾಗಿತು.

ತಪ್ಪು ಹಲ್ಲಿನದಲ್ಲ, ಹಳೆಯ ಚೈನಿನದು. ಚೈನು ಎಳೆದು ಉದ್ದವಾಯಿತು ಅಂತೇವೆ. ನಿಜವಾಗಿ ಕಬ್ಬಿಣ ಹಿಗ್ಗುವುದಿಲ್ಲ. ಒಳಗಿನ ಪಿನ್ನು, ಅದರ ಸುತ್ತಲಿನ ಬುಷ್ ಸವೆದು ಒಂದೊಂದು ಕೊಂಡಿಯೂ ಚೂರು ಚೂರು ಸಡಿಲವಾಗುತ್ತದೆ. ಸಣ್ಣ ಬೈಕುಗಳ 428 ನಂಬರಿನ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿಲಿಮೀಟರ್. ಹೊಸ ಸ್ಪ್ರಾಕೆಟ್ಟಿನ ಹಲ್ಲುಗಳ ಅಂತರ ಅದೇ ಲೆಕ್ಕದ್ದು. ಸಡಿಲವಾದ ಚೈನು ಅಲ್ಲಿ ತಳದಲ್ಲಿ ಕೂರದೆ ಹಲ್ಲಿನ ತುದಿಗೆ ಏರಿ ತಿನ್ನುತ್ತದೆ. ಚೈನನ್ನು ಬಿಗಿಯಾಗಿ ಹಿಡಿದು 21 ಪಿನ್ನು ಎಣಿಸಿ, ಮೊದಲಿನದರ ನಡುವಿನಿಂದ ಕೊನೆಯದರ ನಡುವಿಗೆ ಅಳೆಯಿರಿ. 254 ಮಿಲಿಮೀಟರ್ ಇರಬೇಕು. 259ರ ಹತ್ತಿರ ಬಂದಿದ್ದರೆ ಅದರ ಕಥೆ ಮುಗಿಯಿತು.

ಮುಂದಿನ ಸಣ್ಣ ಸ್ಪ್ರಾಕೆಟ್ಟನ್ನೂ ಬಿಡಬೇಡಿ. ಮುಂದೆ 14 ಹಲ್ಲು, ಹಿಂದೆ 42 ಇದ್ದರೆ, ಹಿಂದಿನದು ಒಂದು ಸುತ್ತು ಬರುವಾಗ ಮುಂದಿನದು ಮೂರು ಸುತ್ತು. ಅಷ್ಟೂ ಪೆಟ್ಟು ಅದಕ್ಕೆ. ಚೈನು, ಎರಡು ಸ್ಪ್ರಾಕೆಟ್, ಮೂರನ್ನೂ ಒಟ್ಟಿಗೆ ಹಾಕಿ. ಅಂಗಡಿಯಲ್ಲಿ ಚೈನ್ ಕಿಟ್ ಅಂದರೆ ಮೂರೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತದೆ. ಹಲ್ಲಿನ ಲೆಕ್ಕ ಹಳೆಯದರಷ್ಟೇ ಇರಲಿ.

ಈಗ ಕೆಲಸ. ಗಟ್ಟಿ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಚಕ್ರ ಬಿಚ್ಚುವ ಮೊದಲೇ ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟ್ ಸಡಿಲಿಸಿ. ಚೈನು ಇದ್ದು, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದರೆ ಮಾತ್ರ ಅದು ಕೇಳುತ್ತದೆ. ನಾನು ಚೈನು ತೆಗೆದ ಮೇಲೆ ಒಂದು ಗಂಟೆ ಒದ್ದಾಡಿದ್ದೇನೆ. ಆಮೇಲೆ ಚೈನಿನ ಎರಡು ತುದಿ ಸೇರಿಸುವ ಚೈನ್ ಲಾಕ್, ಬ್ರೇಕ್ ರಾಡ್, ಚಕ್ರದ ನಡುವಿನ ಆಕ್ಸಲ್, ಕೊನೆಗೆ ಚಕ್ರ ಬಿಚ್ಚಿ. ಸ್ಪ್ರಾಕೆಟ್ಟಿನ ನಟ್ಟುಗಳಿಗೆ ಬಗ್ಗಿಸಿದ ಲಾಕ್ ತಗಡು ಇದ್ದರೆ ಮೊದಲು ಅದನ್ನು ನೇರ ಮಾಡಿ.

ಚಕ್ರದ ನಡುವಿನ ಹಬ್ಬಿನ ಒಳಗಿನ ರಬ್ಬರ್ ತುಂಡುಗಳನ್ನು ಮರೆಯಬೇಡಿ. ಗೇರು ಬದಲಿಸಿದಾಗ ಬರುವ ಎಳೆತವನ್ನು ತಡೆಯುವುದು ಅವೇ. ಪುಡಿಪುಡಿಯಾಗಿದ್ದರೆ ಆಗಲೇ ಬದಲಿಸಿ. ನಮ್ಮ ಮುರಮಣ್ಣು ಕೆಸರಾಗಿ ಅಂಟಿ ಒಣಗಿದರೆ ಉಜ್ಜುವ ಕಾಗದವೇ ಆಗಿಬಿಡುತ್ತದೆ. ಹೊಸ ಸ್ಪ್ರಾಕೆಟ್ ಕೂರುವ ಜಾಗವನ್ನು ಚೆನ್ನಾಗಿ ಒರೆಸಿ. ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಚೈನ್ ಲಾಕಿನ ಕ್ಲಿಪ್ಪಿಗೆ ಒಂದು ಕಡೆ ಬಾಯಿ ಇದೆ. ಮುಚ್ಚಿದ ಕಡೆ ಚೈನು ಓಡುವ ದಿಕ್ಕಿಗೆ ಇರಲಿ. ತಿರುಗಿಸಿ ಹಾಕಿದರೆ ಏನಾದರೂ ತಾಗಿ ಕಳಚಿ ಹೋಗಬಹುದು. ಸಾಮಾನ್ಯವಾಗಿ ಚೈನು ನಡುವಿನಲ್ಲಿ 20ರಿಂದ 30 ಮಿಲಿಮೀಟರ್ ಆಡಬೇಕು. ನಿಮ್ಮ ಬೈಕಿನ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಆಕ್ಸಲ್ಲಿನ ಎರಡೂ ಬದಿಯ ಗೆರೆ ಒಂದೇ ಗುರುತಿಗೆ ಬರಲಿ.

ಎಣ್ಣೆ ಹಾಕುವಾಗ ಎಂಜಿನ್ ಆಫ್ ಇರಲಿ. ಓಡುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ. ಚಕ್ರವನ್ನು ಕೈಯಿಂದ ತಿರುಗಿಸಿ, 90 ನಂಬರಿನ ಗೇರ್ ಆಯಿಲ್ ಹನಿಸಿ. ಅಡುಗೆಮನೆಯ ತೆಂಗಿನೆಣ್ಣೆ ಅಲ್ಲ!

ನನ್ನ ಬಾಗಿದ ಎರಡು ಸ್ಪ್ರಾಕೆಟ್ ಈಗ ಅಂಗಳದಲ್ಲಿ, ಅಡಿಕೆ ಮುಚ್ಚುವ ಟರ್ಪಾಲಿನ ಮೇಲೆ ಭಾರಕ್ಕೆ ಕೂತಿವೆ. ನಮಸ್ಕಾರ.